ಡಂಬಳದಲ್ಲಿ ಕೆಟ್ಟ ಬಸ್ಸು

ಹಲ್ಲಿನ ಸೆಟ್ಟನ್ನು ಎಲ್ಲಿಟ್ಟೆನೆಂಬುದು ಮೋತಿಬಿಗೆ ನೆನಪಾಗಲಿಲ್ಲ. ಜೀಪು ಬಂದು ಹತ್ತು ನಿಮಿಷವಾಗಿತ್ತು. ಲಕ್ಷ್ಮೇಶ್ವರದ ಆ ಓಣಿಯ ಹೆಂಗಸರು ತಮ್ಮ ತಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಒಂದು ಕಾಲದಲ್ಲಿ ಹಾಡುಗಳಿಗೆ ಹೆಸರಾದ ಹನ್ನೊಂದು ಸಿನಿಮಾಗಳ ನಾಯಕಿಯಾಗಿದ್ದ ಎಪ್ಪತ್ತೆರಡು ವರ್ಷದ ಹೆಂಗಸು ಒಳಗೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ದಿಂಬಿನ ಕೆಳಗೆ, ಗುಳಿಗೆ ಡಬ್ಬಿಯ ಹಿಂದೆ, ಕಿಟಕಿಯ ಅಂಚಿನಲ್ಲಿ ತಡವುತ್ತಿದ್ದಳು. ಸಿಗದೆ ಹೋದರೂ ಒಳ್ಳೆಯದೇ, ಹಲ್ಲಿಲ್ಲದೆ ಹೇಗೆ ಬರಲಿ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಡಬಹುದು ಎಂದು ಮನಸ್ಸು ಹೇಳುತ್ತಿರುವಾಗಲೇ ಅಣ್ಣನ ಮಗ ಅಯ್ಯೂಬನ ಹೆಂಡತಿ ಶಕೀಲ ಬಚ್ಚಲಿನಿಂದ ಬಟ್ಟಲು ಹಿಡಿದು ಬಂದಳು. "ಫುಪ್ಪಿ, ನಿಮ್ಮ ಹಲ್ಲು ಇಲ್ಲೇ ಅದಾವ ನೋಡ್ರಿ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಹೊರಗೆ ಯಾರೋ ನಕ್ಕರು, ಇಲ್ಲವೆ ಕೆಮ್ಮಿದರು. ಕತ್ತಲಲ್ಲಿ ಕೂತ ಪ್ರೇಕ್ಷಕರ ಕೆಮ್ಮನ್ನೂ ನಗೆಯನ್ನೂ ಬೇರೆಬೇರೆಯಾಗಿ ಹಿಡಿಯುತ್ತಿದ್ದ ಕಿವಿಗೆ ಈಗ ಅದೂ ತಿಳಿಯಲಿಲ್ಲ. ಬೆನ್ನು ತಿರುಗಿಸಿ ಹಲ್ಲು ಕೂಡಿಸಿಕೊಂಡಳು. ಬಾಯಿ ಉಪ್ಪುಪ್ಪಾಯಿತು.

ಜೀಪಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದವನು ಮೌನೇಶ, ಗದಗಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವವನು. ಜಿಲ್ಲೆ ಹುಟ್ಟಿ ಒಂದು ವರ್ಷ ದಾಟಿತ್ತು. ಹೊಸ ಜಿಲ್ಲೆಗೆ ತನ್ನವರೇ ಆದ ಕಲಾವಿದರು ಬೇಕಾಗಿದ್ದರು. ಅವರನ್ನೆಲ್ಲ ಹುಡುಕಿ ಒಂದು ಪುಸ್ತಕದಲ್ಲಿ ಕೂಡಿಸುವ ಕೆಲಸ ಇವನ ಪಾಲಿಗೆ ಬಂದಿತ್ತು. ಜೀಪಿನ ಬಾಗಿಲ ಮೇಲೆ ಗದಗ ಎಂದು ಹೊಸದಾಗಿ ಬರೆಸಿದ್ದರು. ಬಿಳಿ ಬಣ್ಣದ ಕೆಳಗೆ ಧಾರವಾಡದ ಹಳೆಯ ಅಕ್ಷರಗಳು ಇನ್ನೂ ಉಬ್ಬಿಕೊಂಡು ಕಾಣುತ್ತಿದ್ದವು. ಮೋತಿಬಿ ಅದನ್ನು ನೋಡಿದಳು, ನೋಡಬಾರದಿತ್ತು ಅನಿಸಿತು. ಮೊದಲ ಸಲ ಬಂದಾಗ ಈ ಹುಡುಗ ನೆಲದ ಮೇಲೆ ಕೂತು, ಹೇಳಿದ್ದನ್ನೆಲ್ಲ ಕಣ್ಣರಳಿಸಿ ಬರೆದುಕೊಂಡಿದ್ದ. ಮೂರನೆಯ ಸಲ ಬಂದಾಗ ಅವನ ಹುಬ್ಬಿನ ನಡುವೆ ಮೇಷ್ಟರ ಗಂಟಿತ್ತು. ಬೆಟಗೇರಿಯ ಯಾರದೋ ಮನೆಯ ಅಟ್ಟದಲ್ಲಿ ಒಂದು ಗ್ರಾಮಫೋನ್ ರಿಕಾರ್ಡು ಸಿಕ್ಕಿದೆಯಂತೆ. ಮೇಲೆ 'ಮಿಸ್ ಬಕುಲಾ' ಎಂದಿದೆಯಂತೆ, ಮೋತಿಬಿಯ ಸಿನಿಮಾದ ಹೆಸರು. "ಅಮ್ಮಾರ, ನಿಮಗ ಬಕುಲಾ ಅಂತ ಹೆಸರು ಬಂದದ್ದು ನಲವತ್ನಾಕರಾಗ ಅಂದ್ರಿ. ರಿಕಾರ್ಡ ನಲವತ್ಮೂರರದೈತಿ. ಎರಡರಾಗ ಒಂದು ತಪ್ಪಿರಬೇಕ್ರಿ." ನೆನಪಿಲ್ಲಪಾ ಎಂದಳು. ಆ ವಯಸ್ಸಿನಲ್ಲಿ ಆ ಒಂದು ಮಾತಿಗೆ ಯಾರೂ ಎದುರಾಡುವುದಿಲ್ಲ. ಅವನೂ ಆಡಲಿಲ್ಲ, ಬದಲಿಗೆ ನಕ್ಕ. "ತ್ರಾಸ ತಗೋಬ್ಯಾಡ್ರಿ. ನಿಮ್ಮ ನಾಟಕ ಕಂಪನಿಯವ್ರು ಒಬ್ರು ಸಿಕ್ಕಾರ, ಶಿರಹಟ್ಟಿಯೊಳಗ ಸುಮಿತ್ರವ್ವ ಅಂತ. ಅವ್ರು ಒಂದು ಮಾತು ಹೇಳಿ ಸಹಿ ಮಾಡಿದ್ರ ಆತು." ಮೋತಿಬಿ ಬಾಯಿ ತೆರೆಯುವುದರೊಳಗೆ ಶಕೀಲ, "ಹೋಗೂಣ್ರಿ ಸರ್, ಫುಪ್ಪಿಗೂ ಹೊರಗ ಹೋಗಿ ಭಾಳ ದಿನ ಆಗೇತಿ," ಎಂದುಬಿಟ್ಟಿದ್ದಳು.

ಲಕ್ಷ್ಮೇಶ್ವರ ದಾಟಿದ ಮೇಲೆ ಎರಡೂ ಕಡೆ ಎರೆಹೊಲ, ಒಡೆದ ಹತ್ತಿಕಾಯಿ. ಡ್ರೈವರ್ ಇಸಾಕ, ತಲೆ ನೆರೆತ ಗಂಡಸು, ಮಾತಾಡದೆ ಗಾಡಿ ಬಿಡುತ್ತಿದ್ದ. ಮಾತಾಡುವ ಕೆಲಸವನ್ನೆಲ್ಲ ಶಕೀಲ ವಹಿಸಿಕೊಂಡಿದ್ದಳು. ಫುಪ್ಪಿ ಬೆಳ್ಳಿ ಕುದುರೆಯ ಮೇಲೆ ಕೂತು ಹಾಡಿದ್ದರಂತೆ, ಮುಂಬಯಿಯಲ್ಲಿ ಜನ ಅವರ ಕಾರು ಎತ್ತಿಕೊಂಡೇ ಹೋಗಿದ್ದರಂತೆ. ಕುದುರೆ ಕಟ್ಟಿಗೆಯದಾಗಿತ್ತು. ಕೆಳಗೆ ನಾಲ್ಕು ಗಾಲಿ, ಮೇಲೆ ಬೇಗಡೆ ಕಾಗದ. ನಾಲ್ಕು ಮಂದಿ ಬಗ್ಗಿ ಅದನ್ನು ತಳ್ಳುತ್ತಿದ್ದರು. ಅವರ ಏದುಸಿರು ಹಾಡಿನಲ್ಲಿ ಕೇಳುತ್ತದೆಂದು ಡೈರೆಕ್ಟರು ಅವರ ಬಾಯಿಗೆ ಬಟ್ಟೆ ಕಟ್ಟಿಸಿದ್ದ. ಆಗ ಹಾಡುವುದೂ ಆಡುವುದೂ ಒಟ್ಟಿಗೆ, ಬಿದಿರ ಗಳದ ತುದಿಗೆ ಕಟ್ಟಿದ ಮೈಕು ತಲೆಯ ಮೇಲೆ ತೂಗುತ್ತಿತ್ತು, ದೀಪದ ಸೆಕೆಗೆ ಹಣೆಯ ಬಣ್ಣ ಕರಗಿ ಕಣ್ಣಿಗಿಳಿಯುತ್ತಿತ್ತು. ಕೊಲ್ಹಾಪುರದ ಆ ಸ್ಟುಡಿಯೋದ ತಗಡಿನ ಮಾಡಿನಲ್ಲಿ ಗುಬ್ಬಿಗಳಿದ್ದವು. ಹಾಡು ಮುಗಿಯುವ ಹೊತ್ತಿಗೆ ಸರಿಯಾಗಿ ಒಂದು ಗುಬ್ಬಿ ಚಿಲಿಪಿಲಿ ಅನ್ನುವುದು, ಮತ್ತೆ ಮೊದಲಿನಿಂದ. ಹದಿನಾರು ಸಲ ಹಾಡಿದ ಮೇಲೆ ಡೈರೆಕ್ಟರು ಹತ್ತಿರ ಬಂದು, ಸಿಟ್ಟಿನಿಂದಲ್ಲ, ಬರೀ ಅಚ್ಚರಿಯಿಂದ ಕೇಳಿದ್ದ: ರಿಕಾರ್ಡಿನಲ್ಲಿ ನಿನ್ನ ದನಿ ಬೇರೆ ಇತ್ತಲ್ಲ? ರಿಕಾರ್ಡಿನ ಯಂತ್ರ ದನಿಯನ್ನು ಬದಲಿಸುತ್ತದೆ ಸಾಹೇಬರೆ ಎಂದಿದ್ದಳು ಹದಿನೆಂಟು ವರ್ಷದ ಮೋತಿಬಿ. ಅವನು ನಂಬಿದ. ಮುಂದೆ ಎಲ್ಲರೂ ನಂಬಿದರು. ನಂಬುವುದು ಮಂದಿಗೆ ಇಷ್ಟು ಸಲೀಸೆಂದು ಗೊತ್ತಾದ ದಿನ ಆಕೆಗೆ ಖುಷಿಯಾಗಲಿಲ್ಲ.

"ನಿಮ್ಮ ಮನಸ್ಸಿಗೆ ಭಾಳ ಹತ್ತಿರದ ಹಾಡು ಯಾವುದ್ರಿ?" ಎಂದ ಮೌನೇಶ ಹಿಂದೆ ತಿರುಗಿ. ಯಾವುದನ್ನು ಹೇಳಬೇಕು? ಐದು ಸಿನಿಮಾಗಳಲ್ಲಿ ಆಕೆಯ ದನಿಯೇ ಇತ್ತು. ಅವು ಈಗ ಯಾರಿಗೂ ನೆನಪಿಲ್ಲ. ಆರನೆಯದರಿಂದ ಹಾಡುಗಳನ್ನು ಬೇರೆ ಹುಡುಗಿ ಗಾಜಿನ ಕೋಣೆಯಲ್ಲಿ ನಿಂತು ಹಾಡತೊಡಗಿದಳು. ಇವಳ ಪಾಲಿಗೆ ತುಟಿ ಉಳಿಯಿತು. ಮೊದಲ ದಿನ ಆ ಗಾಜಿನಾಚೆ ನಿಂತು ಕೇಳಿದಾಗ ಕಳ್ಳನಿಗೆ ಕಡೆಗೂ ಪೊಲೀಸು ಸಿಕ್ಕರೆ ಆಗುವಂಥ ಹಗುರ ಆಗಿತ್ತು. ನನ್ನಿಂದಲೂ ಒಬ್ಬಳು ಕಸಿದುಕೊಂಡಳಲ್ಲ, ಸರಿಹೋಯಿತು ಎಂದುಕೊಂಡಿದ್ದಳು. ಸರಿಹೋಗಲಿಲ್ಲ. ಮಂದಿಗೆ ಬೇಕಾದದ್ದು ಆ ಆರು ಸಿನಿಮಾಗಳ ಹಾಡುಗಳೇ. ಮದುವೆ ಮನೆಗಳಲ್ಲಿ, ರೈಲಿನಲ್ಲಿ, ಒಮ್ಮೆ ಮುಂಬಯಿಯ ಆಸ್ಪತ್ರೆಯಲ್ಲಿ ಜ್ವರದಿಂದ ಮಲಗಿದ್ದಾಗ ಕೂಡ, ಅದನ್ನೊಂದು ಹಾಡ್ರಿ ಅನ್ನುತ್ತಿದ್ದರು. ಇವಳು ಹಾಡಿದರೆ ಮೊದಲ ಸಾಲಿಗೇ ಅವರ ಮುಖ ಸಣ್ಣದಾಗುತ್ತಿತ್ತು, ಮರ್ಯಾದೆಗೆ ಕೊನೆಯವರೆಗೆ ಕೇಳುತ್ತಿದ್ದರು. ಮೂವತ್ತೊಂದಕ್ಕೆ ನಾಯಕಿಯ ತಾಯಿಯ ಪಾತ್ರ ಬಂತು. ಬೂದಿ ಹಚ್ಚಿ ಕೂದಲು ಬೆಳ್ಳಗೆ ಮಾಡಿದರು. ಕನ್ನಡಿಯಲ್ಲಿ ಸತ್ತ ಅಮ್ಮನನ್ನೇ ಕಂಡಂತಾಗಿ ಬಣ್ಣ ತೊಳೆದು ಎದ್ದುಬಂದಳು. ಅಣ್ಣ ಕರೆದ, ಲಕ್ಷ್ಮೇಶ್ವರಕ್ಕೆ ಬಂದಳು. ಅದಕ್ಕೀಗ ನಲವತ್ತೊಂದು ವರ್ಷ. "ಎಲ್ಲಾ ಹತ್ತಿರದ್ವ," ಎಂದಳು ಮೌನೇಶನಿಗೆ. ಅವನು ಅದನ್ನೂ ಬರೆದುಕೊಂಡ.

ಬಕುಲಾ ಎಂಬ ಹೆಸರು ಸುಮಿತ್ರಳದು. ಬೆಟಗೇರಿಯಲ್ಲಿ ಮೊಕ್ಕಾಂ ಮಾಡಿದ್ದ ಕಂಪನಿಯ ಮಾಲಕ ವಿರೂಪಾಕ್ಷಪ್ಪ ಆಕೆಗೆ ಅದನ್ನು ಇಟ್ಟಿದ್ದ; ಆಕೆಯನ್ನು ಮುಂಬಯಿಗೆ ಕರೆದೊಯ್ದು ರಿಕಾರ್ಡು ಮಾಡಿಸಿದ್ದ. ಆ ರಿಕಾರ್ಡು ಕೇಳಿಕೊಂಡೇ ಸಿನಿಮಾದವರು ಕೊಲ್ಹಾಪುರದಿಂದ ಬಂದಿಳಿದರು. ಎರಡೇ ದಿನ ಇರುವವರು. ಸುಮಿತ್ರ ಮಾತ್ರ ತಾಯಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಹೊಳೆದಂಡೆಯ ಹಮ್ಮಿಗಿಗೆ ಹೋಗಿದ್ದಳು. "ಮೋತಿ, ನೀ ಹೋಗಿ ಕರಕೊಂಡ ಬಾ. ಹೆಣ್ಣಮಗಳು ಹೋದ್ರ ಅವ್ರವ್ವ ಕಳಸ್ತಾಳ," ಎಂದ ಮಾಲಕ. ಯುದ್ಧದ ಕಾಲ, ಪೆಟ್ರೋಲಿಲ್ಲ, ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ಡಂಬಳದಲ್ಲಿ ಬಸ್ಸು ಕೆಟ್ಟು ನಿಂತಿತು. ಅದು ಸುಳ್ಳಲ್ಲ. ಈ ಐವತ್ನಾಲ್ಕು ವರ್ಷಗಳಲ್ಲಿ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ: ಬಸ್ಸು ಕೆಟ್ಟದ್ದು ಖರೆ. ಇಳಿದು ಕೆರೆಯ ಏರಿಯ ಮೇಲೆ ಹೋಗಿ ಕೂತದ್ದೂ ಖರೆ. ನೀರು ಕಡಿಮೆಯಿತ್ತು, ಎಮ್ಮೆಗಳು ಕೆಸರಲ್ಲಿ ಮಲಗಿದ್ದವು. ಸಂಜೆ ಗದಗಿನ ಕಡೆ ಹೋಗುವ ಗಾಡಿಯೊಂದನ್ನು ಹತ್ತಿ ವಾಪಸು ಬಂದಳು. ಬಸ್ಸು ಕೆಟ್ಟಿತ್ತು, ಹಮ್ಮಿಗಿ ಮುಟ್ಟಲಾಗಲಿಲ್ಲ ಎಂದಷ್ಟೇ ಹೇಳಬೇಕಿತ್ತು. ಮಾಲಕ ಬಾಗಿಲಲ್ಲೇ ನಿಂತು "ಏನಾತು?" ಎಂದಾಗ ಬಾಯಿಗೆ ಬೇರೆಯೇ ಮಾತು ಬಂತು. "ಅಕಿ ಬರೂದಿಲ್ಲಂತ್ರಿ." ಮರುದಿನವಿಡೀ ಮಾಲಕ ಅತ್ತಿಂದಿತ್ತ ಓಡಾಡಿ, ಸಿನಿಮಾದವರು ಹೊರಡುವ ಹೊತ್ತಿಗೆ ಮೋತಿಬಿಯನ್ನು ಅವರ ಮುಂದೆ ನಿಲ್ಲಿಸಿದ. ಇವಳೇ ಬಕುಲಾ ಎಂದ.

ಸುಮಿತ್ರವ್ವನ ಮನೆ ಶಿರಹಟ್ಟಿಯ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಶೇಂಗಾ ಒಡೆಯುತ್ತಿದ್ದ ಮುದುಕಿಯನ್ನು ಮೋತಿಬಿ ಗುರುತಿಸಲಿಲ್ಲ; ಆ ಮುದುಕಿ ಇವಳನ್ನು ಗುರುತಿಸಿದಳು. "ಬಾ ಮೋತಿ. ಎಷ್ಟ ಸೊರಗೀದಿ?" ಎಂದು, ನಿನ್ನೆ ಸಂಜೆ ಅಗಲಿದವರಿಗೆ ಹೇಳುವಂತೆ ಹೇಳಿ, ಸಿಪ್ಪೆ ಸರಿಸಿ ಜಾಗ ಮಾಡಿದಳು. ದಾರಿಯುದ್ದಕ್ಕೂ ಮೋತಿಬಿ ಎಷ್ಟೋ ಮುಖಗಳನ್ನು ಕಲ್ಪಿಸಿಕೊಂಡಿದ್ದಳು. ಬಾಗಿಲು ಹಾಕಿಕೊಳ್ಳುವ ಸುಮಿತ್ರ, ಓಣಿಯ ಮಂದಿಯನ್ನು ಕರೆದು ಇವಳ ಮಾನ ತೆಗೆಯುವ ಸುಮಿತ್ರ, ಸುಮ್ಮನೆ ಅಳುವ ಸುಮಿತ್ರ. ಜಾಗ ಮಾಡಿಕೊಡುವ ಸುಮಿತ್ರಳಿಗೆ ಆಕೆ ತಯಾರಾಗಿರಲಿಲ್ಲ. ಮೌನೇಶ ಹಾಳೆ ತೆಗೆದು, ತಾನು ಬಂದ ಕೆಲಸವನ್ನು ತರಗತಿಯಲ್ಲಿ ಹೇಳುವಂತೆ ವಿವರಿಸಿ, ಸಿನಿಮಾದ ಬಕುಲಾ ಇವರೇ ಹೌದೋ ಅಲ್ಲವೋ ಎಂದು ಕೇಳಿದ.

"ಹೌದು. ಬಕುಲಾ ಅಂದ್ರ ಇಕಿನ," ಎಂದಳು ಸುಮಿತ್ರವ್ವ, ಕೈಯ ಕೆಲಸ ನಿಲ್ಲಿಸದೆ.

"ಮತ್ತ ಆ ರಿಕಾರ್ಡ್ರಿ? ನಲವತ್ಮೂರರದು?"

ಬಂತು, ಹೇಳುತ್ತಾಳೆ ಈಗ ಎಂದುಕೊಂಡಳು ಮೋತಿಬಿ. ಹೇಳಲಿ ಎಂದೂ ಅನಿಸಿತು, ಇವಳು ಬಾಯಿ ಬಿಟ್ಟರೆ ನನಗೆ ಬಾಯಿ ಬಿಡುವ ಕೆಲಸ ತಪ್ಪುತ್ತದೆ. ಸುಮಿತ್ರವ್ವ ಒಂದು ಜೊಳ್ಳು ಕಾಯನ್ನು ಬೀದಿಗೆ ಎಸೆದಳು. "ಅದೂ ಇಕಿದ. ಕಂಪನ್ಯಾಗ ಹಾಡಾಕಿ ಮತ್ಯಾರಿದ್ರು?"

ಮೌನೇಶನ ಮುಖ ಅರಳಿತು. ಬರೆದ, ಓದಿ ಹೇಳಿದ, ಸಹಿ ಮಾಡಿಸಿಕೊಂಡ. ಮನೆಯ ಒಂದು ಫೋಟೋ ಇರಲೆಂದು ಕ್ಯಾಮರಾ ತರಲು ಜೀಪಿನ ಕಡೆ ನಡೆದ. ತಾನೂ ಫೋಟೋದಲ್ಲಿ ಬರಬೇಕೆಂದು ಶಕೀಲ ಸೆರಗು ಸರಿಮಾಡಿಕೊಳ್ಳುತ್ತ ಅವನ ಹಿಂದೆ ಹೋದಳು. ಕಟ್ಟೆಯ ಮೇಲೆ ಇಬ್ಬರೇ ಉಳಿದರು. ಭಿಕ್ಷೆ ಹಾಕಿದಳಲ್ಲ ನನಗೆ, ಎಂದುಕೊಂಡಳು ಮೋತಿಬಿ. ಕದ್ದದ್ದನ್ನು ಕಳ್ಳನ ಕೈಯಲ್ಲೇ ಬಿಟ್ಟು, ಇಟ್ಟುಕೋ ಎಂದು ಮುಖ ತಿರುಗಿಸಿದಂತಾಯಿತು.

"ಯಾಕ ಹಂಗ ಹೇಳಿದಿ ಅಕ್ಕ? ರಿಕಾರ್ಡ ನಿಂದು."

"ಇರ್ಲಿ ಬಿಡು. ನಾ ಅದನ್ನ ಈಗ ಏನ ಮಾಡ್ಲಿ."

"ಅವತ್ತ ನಾ ಹಮ್ಮಿಗಿಗೆ ಬಂದಿದ್ದಿಲ್ಲ." ಐವತ್ನಾಲ್ಕು ವರ್ಷದ ಮಾತು ಇಷ್ಟು ಸಣ್ಣ ದನಿಯಲ್ಲಿ ಬಂದದ್ದಕ್ಕೆ ಆಕೆಗೇ ನಾಚಿಕೆಯಾಯಿತು. "ಡಂಬಳದಾಗ ಬಸ್ ಕೆಟ್ಟಿತು. ನೀ ಬರೂದಿಲ್ಲಂತ ಮಾಲಕಗ ಸುಳ್ಳ ಹೇಳಿದೆ."

"ಗೊತ್ತೈತಿ."

"ಯಾರು ಹೇಳಿದ್ರು?"

"ಯಾರ ಹೇಳಬೇಕು? ಬಂದಿದ್ರ ಕಾಣತಿದ್ದಿ," ಎಂದಳು ಸುಮಿತ್ರವ್ವ. ಆಮೇಲೆ ಕಾಳಿನ ಮೊರವನ್ನು ಪಕ್ಕಕ್ಕಿಟ್ಟು, ಮೊದಲ ಸಲ ಇವಳ ಕಡೆ ನೆಟ್ಟಗೆ ನೋಡಿದಳು. "ಮರುದಿನ ಮುಂಜಾನಿ ಹನಮಪ್ಪನ್ನ ಕಳಿಸಿದ್ದ ಮಾಲಕ. ನಮಗ ಅಡಗಿ ಮಾಡತಿದ್ನಲ್ಲ, ಅಂವ. ಮೋತಿ ನಿನ್ನೆ ಬಂದಿದ್ದಿಲ್ಲೇನು ಅಂದ, ಇಲ್ಲ ಅಂದೆ. ಸಿನಿಮಾದವ್ರು ಬಂದಾರ, ಜಲ್ದಿ ನಡಿ ಅಂದ. ಕೈಯಾಗ ಕುಸುಬಿ ಬಣ್ಣದ ಇಳಕಲ್ ಸೀರಿ ಕೊಟ್ಟ ಕಳಿಸಿದ್ದ ಮಾಲಕ. ನಾ ಬಿಚ್ಚಿ ನೋಡಿ, ಮಡಚಿ ಹೊಳ್ಳಿ ಕೊಟ್ಟೆ. ಒಲ್ಲೆ ಅಂದೆ."

"ಒಲ್ಲೆ ಅಂದಿ?"

"ಮುಂಬೈದಾಗ ರಿಕಾರ್ಡ ಮಾಡುಮುಂದ ಒಂದು ಡಬ್ಬಿ ಮುಂದ ನಿಂದರಿಸಿದ್ರು. ಎದುರಿಗೆ ಒಂದು ಮನಷ್ಯಾ ಇಲ್ಲ. ಗ್ವಾಡಿಗೆ ಹಾಡಿದಂಗಾತು. ಅವತ್ತ ಠರಾಯಿಸಿದ್ದೆ, ಇನ್ನ ಇದು ಬ್ಯಾಡಂತ."

ಸೀರೆ. ಕುಸುಬಿ ಬಣ್ಣ, ಕೆಂಪು ಅಂಚು. ಮೋತಿಬಿಗೆ ಆ ಸೀರೆಯ ಒಂದೊಂದು ಎಳೆಯೂ ಗೊತ್ತಿತ್ತು. ಸಿನಿಮಾದವರ ಜೊತೆ ರೈಲು ಹತ್ತುವ ದಿನ ಮಾಲಕ ಅದನ್ನು ಉಡಿಯಲ್ಲಿಟ್ಟಿದ್ದ, ನಿನಗಂತ ತರಿಸೇನಿ ಎಂದಿದ್ದ. ಮಡಿಕೆ ಒಂದು ಕಡೆ ಸೊಟ್ಟಗಿತ್ತು, ಅಂಗಡಿಯವನು ಸರಿಯಾಗಿ ಮಡಚಿಲ್ಲವೆಂದುಕೊಂಡಿದ್ದಳು. ಪ್ರತಿ ಸಿನಿಮಾದ ಮೊದಲ ದಿನ ಅದನ್ನೇ ಉಟ್ಟು ಸ್ಟುಡಿಯೋಗೆ ಹೋಗುತ್ತಿದ್ದಳು, ಹನ್ನೊಂದು ಸಲ. ಅಂದರೆ ಮಾಲಕನಿಗೆ ಗೊತ್ತಿತ್ತು. ಇವಳು ಹಮ್ಮಿಗಿಗೆ ಹೋಗಿಲ್ಲವೆಂದು, ಬಾಗಿಲಲ್ಲಿ ನಿಂತು ಹೇಳಿದ್ದು ಸುಳ್ಳೆಂದು, ಎಲ್ಲ ತಿಳಿದೇ ಆ ಸೀರೆ ಕೊಟ್ಟಿದ್ದ, ತಲೆಯ ಮೇಲೆ ಕೈಯನ್ನೂ ಇಟ್ಟಿದ್ದ. ಹಮ್ಮಿಗಿಯಿಂದ ವಾಪಸು ಬಂದ ರಾತ್ರಿ ತಾಟಿಗೆ ಅನ್ನ ಬಡಿಸಿದ ಹನಮಪ್ಪನಿಗೆ ಗೊತ್ತಿತ್ತು; ಅವನಿಂದ ಇಡೀ ಕಂಪನಿಗೆ ಗೊತ್ತಾಗಿರಬೇಕು. ಅವರೆಲ್ಲ ನಕ್ಕಿರಬೇಕು. ತಾನೊಬ್ಬಳೇ ದೊಡ್ಡ ಪಾಪ ಹೊತ್ತವಳ ಹಾಗೆ ತಲೆ ತಗ್ಗಿಸಿ ಊಟ ಮಾಡಿದ್ದಳು. ಕಸಿದದ್ದಾದರೆ ಕಸಿದದ್ದಕ್ಕೊಂದು ತೂಕವಿತ್ತು. ಬೇಡವೆಂದು ಎಸೆದದ್ದನ್ನು ಎತ್ತಿಕೊಂಡು, ಕದ್ದೆನೆಂದು ಬೆವರುತ್ತ ಬದುಕು ಸವೆಸಿದ್ದಕ್ಕೆ ಏನೆನ್ನಬೇಕು? ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಎದುರಿಗಿದ್ದವಳ ಮೇಲೆಯೇ ಬಂತು.

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ ನಂಗ?"

"ನೀ ಯಾವಾಗ ಬಂದು ಕೇಳಿದಿ?" ಎಂದಳು ಸುಮಿತ್ರವ್ವ. "ಲಕ್ಷ್ಮೇಶ್ವರ ಏನು ದೂರೈತಿ."

"ನಿಂಗ ಸಿಟ್ಟರ ಬರಲಿಲ್ಲೇನು?"

ಸುಮಿತ್ರವ್ವ ಖರೆಖರೆ ಯೋಚಿಸಿದಳು. "ಬಂತು, ಒಂದ ಸಲ. ನಿನ್ನ ಸಿನಿಮಾ ಗದಗಿಗೆ ಬಂದಿತ್ತು. ನಾ ಎರಡನೇ ಬಸರಿ. ಟಾಂಗಾದಾಗ ದವಾಖಾನಿಗೆ ಹೊಂಟಿದ್ದೆ, ಗ್ವಾಡಿ ಮ್ಯಾಲ ಇಷ್ಟಗಲ ನನ್ನ ಹೆಸರು, ಕೆಳಗ ನಿನ್ನ ಮಾರಿ. ಅವತ್ತ ಅತ್ತೆ. ಆಮ್ಯಾಲ ಕೂಸು ಹುಟ್ಟಿತು, ಮರತೆ."

ಕ್ಯಾಮರಾ ಬಂತು. ಇಬ್ಬರನ್ನೂ ಹತ್ತಿರ ಕೂಡಿಸಿ, ಹೆಗಲ ಮೇಲೆ ಕೈ ಹಾಕ್ರಿ ಎಂದ ಮೌನೇಶ. ಸುಮಿತ್ರವ್ವನೇ ಹಾಕಿದಳು. ಆ ಕೈಯಲ್ಲಿ ಭಾರವೇ ಇರಲಿಲ್ಲ. ಕ್ಯಾಮರಾದ ಎದುರು ಗದ್ದವನ್ನು ತುಸು ಎಡಕ್ಕೆ ತಿರುಗಿಸುವ ಚಟ ಮೋತಿಬಿಯ ಕತ್ತಿಗೆ ಇನ್ನೂ ಇತ್ತು. ತಿರುಗಿಸಿದ ಮೇಲೆ ಅಸಹ್ಯವಾಯಿತು. ಹೊರಡುವಾಗ ಸುಮಿತ್ರವ್ವ ಒಂದು ಬೊಗಸೆ ಶೇಂಗಾಕಾಳು ಕೊಟ್ಟಳು. ಕಟ್ಟಿಸಿಕೊಂಡ ಹಲ್ಲಿಗೆ ಅದು ಆಗುವಂಥದಲ್ಲ. ಬೇಡವೆನ್ನಲೂ ಆಗದೆ ಮುಷ್ಟಿಯಲ್ಲಿ ಹಿಡಿದುಕೊಂಡು ಜೀಪು ಹತ್ತಿದಳು.

ಊರು ದಾಟಿದ ಮೇಲೆ ಮೌನೇಶ ಸಮಾಧಾನದ ಉಸಿರು ಬಿಟ್ಟ. "ಛಲೋ ಆತ್ರಿ ಅಮ್ಮಾರ. ಈಗ ರಿಕಾರ್ಡಿಂದನ ಶುರು ಮಾಡಬಹುದು. ನಲವತ್ಮೂರು, ಹದಿನೇಳನೇ ವಯಸ್ಸಿಗೆ ಮೊದಲ ಹಾಡು."

"ಆ ರಿಕಾರ್ಡ ನಂದಲ್ಲ," ಎಂದಳು ಮೋತಿಬಿ. "ಸುಮಿತ್ರಕ್ಕಂದು. ಹೆಸರೂ ಅಕಿದ."

ಮೌನೇಶ ನಕ್ಕ. ಹಿರಿಯರ ಮರೆವಿಗೆ, ವಿನಯಕ್ಕೆ, ಕಿರಿಯರು ನಗುವ ಒಳ್ಳೆಯ ನಗೆ ಅದು. "ಅವ್ರೇ ಸಹಿ ಮಾಡಿ ಕೊಟ್ಟಾರಲ್ರಿ. ನಿಮಗ ಮೊನ್ನೆನೂ ನೆನಪಾಗವಲ್ದಾಗಿತ್ತು." ಪಕ್ಕದಲ್ಲಿ ಶಕೀಲ, ಫುಪ್ಪಿಗೆ ದಣಿವಾಗಿದೆ ಎಂದಳು. ಮೋತಿಬಿ ಮತ್ತೆ ಹೇಳಿದಳು, ದನಿ ಏರಿಸಿ ಹೇಳಿದಳು. ಜೀಪಿನ ಸದ್ದಿನಲ್ಲಿ 'ಸ'ಕಾರಗಳೆಲ್ಲ ಹಲ್ಲಿನ ಸಂದಿಯಿಂದ ಜಾರಿಹೋದವು. ಮೌನೇಶ ಹೂಂ ಎಂದ, ಫೈಲನ್ನು ಕಟ್ಟಿದ. ಸುಳ್ಳು ಹೇಳಿದಾಗ ಅರ್ಧ ಮಾತಿಗೆ ನಂಬಿದ ಜಗತ್ತು ಇದು. ಖರೆಗೆ ಸಾಕ್ಷಿ ಕೇಳುತ್ತದೆ, ಸಾಕ್ಷಿ ಇವಳ ವಿರುದ್ಧ ಸಹಿ ಮಾಡಿಕೊಟ್ಟಿದೆ.

"ಇಸಾಕ, ಗಾಡಿ ನಿಂದರಸು."

ಕೇಳಿದ ರೀತಿಗೆ ಇಸಾಕ ಬ್ರೇಕು ಹಾಕಿದ. ಹತ್ತಿಹೊಲದ ಬದುವಿನ ಪಕ್ಕ ಜೀಪು ನಿಂತಿತು. ಕಾಳನ್ನು ಶಕೀಲಳ ಉಡಿಗೆ ಸುರಿದು ಮೌನೇಶನ ಕೈಯಿಂದ ಹಟ ಹಿಡಿದವಳಂತೆ ಪೆನ್ನನ್ನೂ ಫೈಲನ್ನೂ ಕಸಿದುಕೊಂಡಳು. ಸುಮಿತ್ರವ್ವನ ಸಹಿಯಿದ್ದ ಹಾಳೆಯ ಬೆನ್ನಿಗೆ ಬರೆಯತೊಡಗಿದಳು. ಕನ್ನಡ ಬರೆದು ಎಷ್ಟೋ ವರ್ಷವಾಗಿತ್ತು. ಒತ್ತಕ್ಷರಕ್ಕೆ ಬಂದಾಗ ಕೈ ತಡೆಯುತ್ತಿತ್ತು. ಮೌನೇಶ ಗಡಿಯಾರ ನೋಡಿದ. ಎತ್ತಿನಗಾಡಿಯೊಂದು ದಾಟಿಹೋಯಿತು. ಏಳು ಸಾಲು ಬರೆಯುವಷ್ಟರಲ್ಲಿ ಬೆರಳು ಮರಗಟ್ಟಿದವು.

"ಓದು," ಎಂದಳು. "ಎಲ್ಲಾರಿಗೂ ಕೇಳೂಹಂಗ ಓದು."

ಮೌನೇಶ ಮೊದಲು ಅರ್ಜಿ ಓದುವ ದನಿಯಲ್ಲಿ ಶುರುಮಾಡಿದ. ರಿಕಾರ್ಡಿನಲ್ಲಿರುವುದು ಸುಮಿತ್ರವ್ವನ ದನಿ. ಬಕುಲಾ ಅವರ ಹೆಸರು. ಅವರನ್ನು ಕರೆತರಲು ನನ್ನನ್ನು ಹಮ್ಮಿಗಿಗೆ ಕಳಿಸಿದ್ದರು. ಡಂಬಳದಲ್ಲಿ ಬಸ್ಸು ಕೆಟ್ಟಿತು. ಅಲ್ಲಿಗೆ ಅವನ ದನಿ ಇಳಿಯಿತು. ಉಳಿದ ಮೂರು ಸಾಲನ್ನು ಬರೀ ತನಗೆ ಓದಿಕೊಂಡಂತೆ ಓದಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡ. ಪುಸ್ತಕದಲ್ಲಿ ಇದನ್ನು ಹಾಕುವುದು ಹೇಗೆಂದು ಅವನು ಲೆಕ್ಕ ಹಾಕುತ್ತಿದ್ದದ್ದು ಕಾಣುತ್ತಿತ್ತು. ಇಸಾಕ ಇಂಜಿನ್ನು ಬಂದ್ ಮಾಡಿದ. ಮೋತಿಬಿ ಶಕೀಲಳ ಮುಖ ನೋಡಿದಳು. ಇಪ್ಪತ್ತು ವರ್ಷದಿಂದ ಓಣಿಯಲ್ಲೆಲ್ಲ ತನ್ನ ಹೆಸರು ಹೇಳಿಕೊಂಡು ತಿರುಗಿದವಳು ಇವಳು. ಈಗಲಾದರೂ ಆ ಮುಖ ಬಾಡಲಿ, ಹೇಸಲಿ, ಏನಾದರೂ ಆಗಲಿ ಎಂದು ಕಾದಳು.

"ಇಷ್ಟನ ಫುಪ್ಪಿ?" ಎಂದಳು ಶಕೀಲ. "ನಾ ಏನೋ ಅಂದ್ಕೊಂಡಿದ್ದೆ. ನೀವು ಹೊಂಟದ್ದು ಖರೆ, ಬಸ್ ಕೆಟ್ಟದ್ದು ಖರೆ. ಬಸ್ ಕೆಟ್ಟು ನಿಂತ್ರ ನೀವರ ಏನ ಮಾಡ್ತಿದ್ರಿ?"

ಮೌನೇಶನೂ ತಲೆಯಾಡಿಸಿದ. ಹೌದಲ್ಲ ಎಂಬಂತೆ, ಇದನ್ನು ಹೀಗೂ ಹಾಕಬಹುದೆಂಬ ದಾರಿ ಕಂಡವನಂತೆ. ಮೋತಿಬಿ ಬದುವಿನಾಚೆಯ ಬಿಳಿ ಹತ್ತಿಯನ್ನು ನೋಡಿದಳು. ಈ ಒಂದು ಸಂಗತಿಯನ್ನು ಸುಮಿತ್ರಕ್ಕನಿಗೆ ಹೇಳಿರಲಿಲ್ಲ. ಹಾಳೆಯ ಮೇಲೆ ಬರೆದಿರಲಿಲ್ಲ. ತನಗೆ ತಾನು ಹೇಳಿಕೊಳ್ಳುವಾಗಲೂ ಪ್ರತಿ ಸಲ ಅದಕ್ಕೆ ಮುಂಚೆಯೇ ನಿಂತುಬಿಡುತ್ತಿದ್ದಳು.

"ಬಸ್ ಅರ್ಧ ತಾಸಿನ್ಯಾಗ ಚಾಲೂ ಆಗಿತ್ತು," ಎಂದಳು. "ಕಂಡಕ್ಟರ ಕೆರಿ ಏರಿ ಕೆಳಗ ಬಂದು ಮೂರ ಸಲ ಕರದ. ನಾ ಏಳಲಿಲ್ಲ."